ಇಲ್ಲದ ಮೂರನೇ ಮಾನಿಟರ್ ತೋರಿಸ್ತದೆ, ತೆಗೆದರೂ ವಾಪಸ್ ಬರ್ತದೆ. ಯಾರಿಗಾದ್ರೂ ಗೊತ್ತಾ?

ತುಂಗೆ ದಡದವಳು · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಸಣ್ಣದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ನಂದು. ಪಹಣಿ ತೆಗೆದು ಕೊಡೋದು, ಜಾತಿ-ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕೋದು, ಮದುವೆ ಕಾಗದ, ಮಕ್ಕಳ ಪ್ರಾಜೆಕ್ಟು, ಎಲ್ಲಾ ಒಂದೇ ಸಿಸ್ಟಮ್ಮಿನಲ್ಲಿ. ಹದಿನೈದು ದಿನದಿಂದ ಆ ಸಿಸ್ಟಮ್ಮು ಕೆಲಸ ಮಾಡಕ್ಕೆ ಬಿಡ್ತಿಲ್ಲ. ಕಾಲೇಜು ಅಡ್ಮಿಷನ್ ಟೈಮು, ಬೆಳಿಗ್ಗೆ ಒಂಬತ್ತಕ್ಕೇ ಜನ ಕೊಡೆ ಮಡಚಿಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸಿಸ್ಟಮ್ ವಿವರ: ಇಂಟೆಲ್ ಐ3 ನಾಲ್ಕನೇ ಜನರೇಷನ್, 8 ಜಿಬಿ ರ್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನನ್ನ ಮಾನಿಟರ್ ಎಚ್‌ಡಿಎಂಐ ಕೇಬಲಿನಲ್ಲಿದೆ, 1920×1080. ಹಳೇದೊಂದು 1366×768 ಮಾನಿಟರ್ ವಿಜಿಎಯಲ್ಲಿ ಹಾಕಿ, ಗಿರಾಕಿ ಕಡೆ ಮುಖ ಮಾಡಿ ಇಟ್ಟಿದೀನಿ. ಡೂಪ್ಲಿಕೇಟ್ ಮೋಡ್. ನಾನು ಟೈಪ್ ಮಾಡಿದ್ದು ಅವರಿಗೂ ಹಾಗೇ ಕಾಣಬೇಕು.

ಅದು ಯಾಕೆ ಬೇಕು ಅಂದ್ರೆ, ಹೋದ ವರ್ಷ ಕೋಣಂದೂರು ಕಡೆಯ ಒಬ್ಬರು ಅಜ್ಜಿ ವಿಧವಾ ವೇತನದ ಅರ್ಜಿ ಹಾಕ್ಸಕ್ಕೆ ಬಂದಿದ್ರು. ಸ್ಕ್ರೀನನ್ನೇ ನೋಡ್ತಾ ಕೂತಿದ್ದವರು ಎದ್ದು ಬಂದು ಗಾಜಿನ ಮೇಲೇ ಬೆರಳಿಟ್ಟು, "ಇಲ್ಲಿ ಯ-ಗೆ ಒತ್ತು ಬೇಕಲ ಮಗಾ, ನಮ್ಮನೆಯವರದ್ದು ಅಯ್ಯ, ಅಯ ಅಲ್ಲ" ಅಂದ್ರು. ಅರ್ಜಿ ಹೋದ ಮೇಲೆ ಗೊತ್ತಾಗಿದ್ರೆ ಆ ವಯಸ್ಸಿನಲ್ಲಿ ಮತ್ತೆ ಬಸ್ ಹತ್ತಿ ಬರಬೇಕಿತ್ತು. ಆವತ್ತಿಂದ ಎರಡನೇ ಸ್ಕ್ರೀನ್ ಇಲ್ಲದೆ ನಾನು ಒಂದು ಅರ್ಜಿನೂ ಸಬ್‌ಮಿಟ್ ಮಾಡಿಲ್ಲ.

ಈಗ ತೊಂದರೆ ಎಂತದು ಅಂದ್ರೆ, ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 1, 2 ಇರಬೇಕಾದ ಕಡೆ 3 ಅಂತ ಇನ್ನೊಂದು ಡಬ್ಬ ಬಂದು ಕೂತಿದೆ. ನನ್ನ ಬಲಗಡೆ ಇರೋದು ಗೋಡೆ, ಗೋಡೆ ಮೇಲೆ ಕ್ಯಾಲೆಂಡರ್. ಮೌಸು ಆ ಕಡೆ ಹೋದ್ರೆ ಗೋಡೆಯೊಳಗೇ ಹೋದ ಹಾಗೆ ಮಾಯ. ಸೇವ್ ಮಾಡೋ ಬಾಕ್ಸು, ಪ್ರಿಂಟ್ ಬಾಕ್ಸು, ಓಟಿಪಿ ಕೇಳೋ ಕಿಟಕಿ ಎಷ್ಟೋ ಸಲ ಅಲ್ಲೇ ತೆರ್‍ಕೊಳ್ತದೆ. ಓಟಿಪಿ ಟೈಮ್ ಮುಗಿದು ಹೋಗ್ತದೆ, ಗಿರಾಕಿ ಮುಖ ನೋಡಕ್ಕಾಗಲ್ಲ. ನಾನು ಇಟ್ಟ ಡೂಪ್ಲಿಕೇಟೂ ನಿಲ್ಲಲ್ಲ, ಎಕ್ಸ್‌ಟೆಂಡ್ ಆಗಿ, ಅಂದ್ರೆ ಒಂದೊಂದು ಸ್ಕ್ರೀನಿನಲ್ಲಿ ಬೇರೆ ಬೇರೆ ಕಾಣೋ ಹಾಗೆ, ಕೂತಿರ್ತದೆ.

ಮಾಡಿ ನೋಡಿದ್ದು: ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರ್ಸ್ ಕೆಳಗೆ ಮೂರನೇದನ್ನ ಅನ್‌ಇನ್‌ಸ್ಟಾಲ್ ಮಾಡಿದೆ, ಹೋಯ್ತು. ಮಾರನೇ ದಿನ ವಾಪಸ್. ನಾಲ್ಕು ಸಲ ಹೀಗೇ ಆಯ್ತು. ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕೇಬಲ್ ಬಿಚ್ಚಿ ಸಿಕ್ಕಿಸಿದೆ.

ಜೊತೆಗೆ ಸಿಸ್ಟಮ್ ಸಿಕ್ಕಾಪಟ್ಟೆ ಸ್ಲೋ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ನೂರು ಪರ್ಸೆಂಟ್ ತೋರಿಸ್ತದೆ. ಒಂದು ವಿಡಿಯೋ ನೋಡಿ "ಬೇಡದ ಸರ್ವಿಸ್" (ಕಾಣದ ಹಾಗೆ ಹಿಂದೆ ಓಡ್ತಾ ಇರೋ ಪ್ರೋಗ್ರಾಂ) ಅಂತ ಇಪ್ಪತ್ತು ಡಿಸೇಬಲ್ ಮಾಡಿದೆ. ಮಾರನೇ ದಿನ ಪ್ರಿಂಟೇ ಬರ್ಲಿಲ್ಲ. ಪ್ರಿಂಟ್ ಸ್ಪೂಲರ್ ಆನ್ ಮಾಡಿ ಅದನ್ನ ಸರಿ ಮಾಡ್ಕೊಂಡೆ. ಉಳಿದ ಹತ್ತೊಂಬತ್ತು ಯಾವ್ಯಾವುದು ಅಂತ ಬರೆದಿಟ್ಟಿಲ್ಲ.

ಇನ್ನೊಂದು ಗಮನಿಸಿದೀನಿ, ಉಪಯೋಗ ಆಗ್ತದೋ ಇಲ್ವೋ. ಬೆಳಿಗ್ಗೆ ಆನ್ ಮಾಡಿದಾಗ ಎರಡೇ ಸ್ಕ್ರೀನು, ಎಲ್ಲ ಸರಿಯಾಗೇ ಇರ್ತದೆ. ನಾನು ದೇವರ ಫೋಟೋಕ್ಕೆ ದೀಪ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ ವಾಪಸ್ ಬರೋದ್ರೊಳಗೆ ಎರಡೂ ಸ್ಕ್ರೀನು ಒಂದ್ಸಲ ಕಪ್ಪಾಗಿ ಮತ್ತೆ ಬರ್ತದೆ. ಆಮೇಲೆ ನೋಡಿದ್ರೆ ಮೂರು.

ಆಗುಂಬೆ ಮಳೆ · ಭಾನುವಾರ ರಾತ್ರಿ 10.15

ಅಕ್ಕಾ, ಆಗುಂಬೆ, ಮೇಗರವಳ್ಳಿ ಸುತ್ತ ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡ್ತಾ ಇದೀನಿ. ಮಳೆಗಾಲದಲ್ಲಿ ಇಲ್ಲದ ಮಾನಿಟರ್ ಕಂಡ್ರೆ ನಾನು ಮೊದಲು ನೋಡೋದು ಪೋರ್ಟು. ನಮ್ಮಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ. ಪುನರ್ವಸು ಹಿಡೀತು ಅಂದ್ರೆ ಚಪ್ಪಲಿಗೇ ಬೂಷ್ಟು ಬರ್ತದೆ, ವಿಜಿಎ ಪಿನ್ನು ಹಸಿರುಗಟ್ಟದೆ ಇರ್ತದಾ?

ಮಾನಿಟರ್ ಒಳಗೆ ಅದರ ಹೆಸರು, ಯಾವ್ಯಾವ ರೆಸಲ್ಯೂಷನ್ ತಡ್ಕೊಳ್ತದೆ ಅನ್ನೋ ವಿವರ ಇರೋ 128 ಬೈಟಿನ ಒಂದು ಚೀಟಿ ಇರ್ತದೆ, ಇಡಿಐಡಿ ಅಂತ. ವಿಜಿಎ ಕೇಬಲಿನಲ್ಲಿ ಅದು ಹಾಯೋದು 12 ಮತ್ತು 15ನೇ ಪಿನ್ನಿನಲ್ಲಿ. ಆ ಪಿನ್ನು ತುಕ್ಕು ಹಿಡಿದ್ರೆ ಚೀಟಿ ಓದಕ್ಕಾಗಲ್ಲ, ಚಿತ್ರ ಮಾತ್ರ ಬರ್ತದೆ. ಆಗ ವಿಂಡೋಸು ನಿಮ್ಮ ಹಳೇ ಮಾನಿಟರನ್ನೇ "ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್" ಅಂತ ಹೊಸಬರ ಲೆಕ್ಕಕ್ಕೆ ಸೇರಿಸ್ತದೆ, ರೆಸಲ್ಯೂಷನ್ನೂ ಕಡಿಮೆ ಕೊಡ್ತದೆ. ಏನೂ ಸಿಕ್ಕಿಸದ ಪೋರ್ಟಿನಲ್ಲೂ ತೇವಕ್ಕೆ ಮಾನಿಟರ್ ಇದೆ ಅಂತ ಮೋಸ ಹೋದದ್ದು ನೋಡಿದೀನಿ. ವಿಜಿಎಯಂಥ ಅನಲಾಗ್ ಪೋರ್ಟು ಬಣ್ಣದ ತಂತಿ ಮೇಲೆ 75 ಓಮ್ ಲೋಡ್ ಇದೆಯಾ ಅಂತ ತಡಕಿ ನೋಡ್ತದೆ, ಅಲ್ಲಿ ತೇವದ ಪದರ ಕೂತ್ರೆ ಲೆಕ್ಕ ತಪ್ತದೆ.

ಸಿಸ್ಟಮ್ ಆಫ್ ಮಾಡಿ, ಪ್ಲಗ್ಗೇ ಕಿತ್ತು, ಹಿಂದೆ ಟಾರ್ಚ್ ಬಿಟ್ಟು ನೋಡಿ. ಹಸಿರು, ಬಿಳಿ ಪುಡಿ ಇದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಷಿನಲ್ಲಿ ಮೆತ್ತಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮೊದಲು ಒಂದು ಸುಲಭದ ಪರೀಕ್ಷೆ: ವಿಜಿಎ ಕೇಬಲ್ ಪೂರ್ತಿ ಬಿಚ್ಚಿ ಐದು ನಿಮಿಷ ಬಿಡಿ. ಆಗಲೂ 3 ಇದೆಯಾ ಹೇಳಿ.

ಸಾಗರ ಪ್ರೊಜೆಕ್ಟರ್ · ಸೋಮವಾರ ಬೆಳಿಗ್ಗೆ 7.20

ಮೇಡಂ, ನಾನು ಮದುವೆಮನೆ, ಯಕ್ಷಗಾನಕ್ಕೆ ಎಲ್‌ಇಡಿ ಪರದೆ, ಪ್ರೊಜೆಕ್ಟರ್ ಹಾಕೋನು. ಮೂರನೇದು ಎಲ್ಲಿಂದ ಬಂತು ಅನ್ನೋದು ತಿಳಿದವರು ಹೇಳ್ತಾರೆ. ಅಲ್ಲಿವರೆಗೆ ಇವತ್ತಿನ ಕೆಲಸ ನಿಲ್ಲಬಾರದಲ್ಲ, ಅದಕ್ಕೆ ಎರಡು ಮಾತು.

ಕಿಟಕಿ ಕಾಣದ ಕಡೆ ಹೋದ್ರೆ ವಿಂಡೋಸ್ ಕೀ, ಶಿಫ್ಟ್ ಎರಡೂ ಒತ್ತಿ ಹಿಡಿದು ಎಡಬಾಣ ಒತ್ತಿ, ಪಕ್ಕದ ಸ್ಕ್ರೀನಿಗೆ ಹಾರಿ ಬರ್ತದೆ. ಸೇವ್ ಬಾಕ್ಸಿನಂಥ ಚಿಕ್ಕ ಕಿಟಕಿ ಅದಕ್ಕೆ ಬಗ್ಗದಿದ್ರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಂ ಒತ್ತಿ, ಒಂದ್ಸಲ ಬಾಣದ ಕೀ ಒತ್ತಿ. ಆಮೇಲೆ ಮೌಸ್ ಅಲ್ಲಾಡಿಸಿದ್ರೆ ಬಾಕ್ಸು ಮೌಸಿಗೇ ಅಂಟಿಕೊಂಡು ಬರ್ತದೆ. ಸೆಟ್ಟಿಂಗ್ಸಿನಲ್ಲಿ 3ನ್ನ ಆರಿಸಿ "ಡಿಸ್ಕನೆಕ್ಟ್ ದಿಸ್ ಡಿಸ್‌ಪ್ಲೇ" ಕೊಟ್ರೆ ಅವತ್ತಿನ ಮಟ್ಟಿಗೆ ಕಾಟ ತಪ್ತದೆ.

ಡೂಪ್ಲಿಕೇಟ್ ಯಾಕೆ ನಿಲ್ಲಲ್ಲ ಅಂದ್ರೆ, ಯಾವ್ಯಾವ ಮಾನಿಟರ್ ಒಟ್ಟಿಗೆ ಇದಾವೆ ಅನ್ನೋ ಗುಂಪಿಗೆ ತಕ್ಕ ಹಾಗೆ ವಿಂಡೋಸು ಸೆಟ್ಟಿಂಗ್ ನೆನಪಿಟ್ಟುಕೊಳ್ತದೆ. 1 ಮತ್ತು 2ರ ಗುಂಪಿಗೆ ನೀವು ಡೂಪ್ಲಿಕೇಟ್ ಅಂದಿದೀರಿ. 1, 2, 3 ಅನ್ನೋದು ಬೇರೆ ಗುಂಪು, ಅದಕ್ಕೆ ಬೇರೆ ನೆನಪು.

ಇನ್ನು, ಕೇಳದೆ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ದಿನಪೂರ್ತಿ ಡೂಪ್ಲಿಕೇಟಿನಲ್ಲಿ ಇಟ್ರೆ ಒಬ್ಬರ ಆಧಾರ್ ನಂಬರು, ಬ್ಯಾಂಕ್ ಪಾಸ್‌ಬುಕ್ಕು ಸರದಿಯಲ್ಲಿ ನಿಂತ ಎಲ್ಲರಿಗೂ ಕಾಣ್ತದೆ. ಎಕ್ಸ್‌ಟೆಂಡ್ ಇಟ್ಟು, ತೋರಿಸಬೇಕಾದ ಅರ್ಜಿಯನ್ನ ಮಾತ್ರ ಆ ಕಡೆ ಕಳಿಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ನಿಮ್ಮ ಕಣ್ಣಿಗೂ ಒಳ್ಳೇದು. ಡೂಪ್ಲಿಕೇಟ್ ಅಂದ್ರೆ ಎರಡಕ್ಕೂ ಒಂದೇ ರೆಸಲ್ಯೂಷನ್, ಚಿಕ್ಕದು ಎಷ್ಟಿದೆಯೋ ಅಷ್ಟಕ್ಕೆ ದೊಡ್ಡದೂ ಇಳೀಬೇಕು. 1366 ಚುಕ್ಕಿಯ ಚಿತ್ರವನ್ನ 1920 ಚುಕ್ಕಿಯ ಮೇಲೆ ಎಳೆದು ಕೂರಿಸಿದ್ರೆ ಒಂದು ಚುಕ್ಕಿಗೆ ಸುಮಾರು 1.4 ಚುಕ್ಕಿ ಜಾಗ. ಒಂದೂಕಾಲು, ಒಂದೂವರೆ ಚುಕ್ಕಿ ಅಂತ ಹಚ್ಚಕ್ಕೆ ಬರಲ್ಲ, ಅದಕ್ಕೇ ಅಕ್ಷರ ಮಸುಕು. ಕನ್ನಡದ ಒತ್ತಕ್ಷರ ಅಂತೂ ಕಲಸಿ ಹೋಗ್ತದೆ.

ಲ್ಯಾಬ್ ಮೇಷ್ಟ್ರು · ಸೋಮವಾರ ಬೆಳಿಗ್ಗೆ 8.05

ತಂಗೀ, ಶಿವಮೊಗ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು, ನಲವತ್ತು ಸಿಸ್ಟಮ್ ಇವೆ. ನಿಮ್ಮ ಪೋಸ್ಟಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಾಕ್ಯ ಕೊನೆಯದು. ದೀಪ ಹಚ್ಚಿ ಊದಿನಕಡ್ಡಿ ಸಿಕ್ಕಿಸುವಷ್ಟು ಹೊತ್ತು ಅಂದರೆ ಸುಮಾರು ಎರಡು ನಿಮಿಷ ಅಲ್ಲವೇ?

ತುಕ್ಕು ಹಿಡಿದ ಪೋರ್ಟಿಗೆ ದಿನಾ ಎರಡು ನಿಮಿಷ ಕಾಯುವ ಅಭ್ಯಾಸ ಇರುವುದಿಲ್ಲ. ಸಿಸ್ಟಮ್ ಆನ್ ಆದ ತಕ್ಷಣವೇ ಕಾಣಿಸುತ್ತೆ, ಇಲ್ಲ ಹೊತ್ತುಗೊತ್ತಿಲ್ಲದೆ ಬಂದು ಹೋಗುತ್ತೆ. ಆದರೆ ವಿಂಡೋಸಿನಲ್ಲಿ ಲೆಕ್ಕ ಹಾಕಿ ಎರಡು ನಿಮಿಷ ಕಾಯುವಂಥದ್ದು ಒಂದಿದೆ. ಸರ್ವಿಸ್‌ಗಳಲ್ಲಿ "ಆಟೋಮ್ಯಾಟಿಕ್" ಅಂತ ಒಂದು ಬಗೆ, "ಆಟೋಮ್ಯಾಟಿಕ್, ಡಿಲೇಡ್ ಸ್ಟಾರ್ಟ್" ಅಂತ ಇನ್ನೊಂದು ಬಗೆ. ಎರಡನೇ ಬಗೆಯವು, ಮೊದಲನೆಯವು ಎದ್ದು ಸಾಮಾನ್ಯವಾಗಿ 120 ಸೆಕೆಂಡ್ ಆದ ಮೇಲೆ ಏಳುತ್ತವೆ. ಹಾಗಾಗಿ ನಿಮ್ಮ ಮೂರನೇ ಮಾನಿಟರು ತಂತಿಯಿಂದ ಬಂದದ್ದಲ್ಲ ಅಂತ ನನ್ನ ಗುಮಾನಿ. ಹಿನ್ನೆಲೆಯಲ್ಲಿ ಓಡುವ ಯಾವುದೋ ಸರ್ವಿಸ್ ಎದ್ದು, ಅದನ್ನು ಹುಟ್ಟುಹಾಕುತ್ತಿದೆ.

ಮಾನಿಟರನ್ನು ತಂತ್ರಾಂಶವೇ ಹುಟ್ಟಿಸುವುದುಂಟು. ವಿಂಡೋಸ್ 10ರ 2016ರ ಆವೃತ್ತಿ 1607ರಿಂದ ಇನ್‌ಡೈರೆಕ್ಟ್ ಡಿಸ್‌ಪ್ಲೇ ಡ್ರೈವರ್ ಅನ್ನುವ ವ್ಯವಸ್ಥೆ ಬಂತು. ಮೊಬೈಲನ್ನು ಎರಡನೇ ಸ್ಕ್ರೀನ್ ಮಾಡಿಕೊಳ್ಳುವ ಆಪ್‌ಗಳು, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶಗಳು ಹೀಗೆ ಮಾನಿಟರ್ ಇಲ್ಲದೆಯೇ ಮಾನಿಟರ್ ಇದೆ ಅಂತ ವಿಂಡೋಸಿಗೆ ತೋರಿಸಬಲ್ಲವು. ನೀವು ಡಿವೈಸ್ ಮ್ಯಾನೇಜರಿನಲ್ಲಿ ಕಿತ್ತದ್ದು ಆ ಗಿಡದ ಎಲೆಯನ್ನು. ಬೇರು ಸರ್ವಿಸ್‌ನಲ್ಲಿದೆ, ಅದು ಮರುದಿನ ಮತ್ತೆ ಚಿಗುರುತ್ತೆ.

ಮೂರು ವಿಷಯ ನೋಡಿ ಹೇಳಿ. ಡಿಸ್‌ಪ್ಲೇ ಸೆಟ್ಟಿಂಗ್ಸ್ ಕೆಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 3ನ್ನು ಆರಿಸಿದರೆ "ಕನೆಕ್ಟೆಡ್ ಟು" ಅಂತ ಒಂದು ಸಾಲು ಬರುತ್ತೆ. 1, 2ಕ್ಕೆ ಅಲ್ಲಿ ಇಂಟೆಲ್ ಹೆಸರಿರುತ್ತೆ. 3ಕ್ಕೆ ಏನಿದೆ? ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರ್ಸ್ ಅಲ್ಲ, ಅದರ ಮೇಲಿನ ಡಿಸ್‌ಪ್ಲೇ ಅಡಾಪ್ಟರ್ಸ್ ತೆಗೆದರೆ ಎಷ್ಟು ಹೆಸರು ಇವೆ? ಮತ್ತೆ ಈ ಹದಿನೈದು-ಇಪ್ಪತ್ತು ದಿನದಲ್ಲಿ ಯಾರಾದರೂ ದೂರದಿಂದ ನಿಮ್ಮ ಸಿಸ್ಟಮ್ಮಿಗೆ ಬಂದು ಏನಾದರೂ ಸರಿ ಮಾಡಿಕೊಟ್ಟಿದ್ದರೇ?

ಇನ್ನೊಂದು ಸರ್ವಿಸ್‌ಗೂ ಕೈ ಹಚ್ಚಬೇಡಿ ಈಗ.

ತುಂಗೆ ದಡದವಳು · ಸೋಮವಾರ ಮಧ್ಯಾಹ್ನ 2.30

ಊಟಕ್ಕೆ ಬಾಗಿಲು ಹಾಕಿ ನೋಡಿದೆ ಸರ್. ಇವತ್ತು ವಾಚ್ ಹಿಡಿದೇ ಕೂತಿದ್ದೆ, ಡೆಸ್ಕ್‌ಟಾಪ್ ಬಂದು ಎರಡು ನಿಮಿಷ ಹತ್ತು ಸೆಕೆಂಡಿಗೆ ಸ್ಕ್ರೀನ್ ಕಪ್ಪಾಯ್ತು.

ಆಗುಂಬೆ ಅಣ್ಣ, ವಿಜಿಎ ಬಿಚ್ಚಿದೆ. 2 ಹೋಯ್ತು, 3 ಹಾಗೇ ಇತ್ತು. ಪಿನ್ನಿನ ಮೇಲೆ ನೀವು ಹೇಳಿದ ಹಸಿರು ಇತ್ತು, ಬ್ರಷಿನಲ್ಲಿ ಉಜ್ಜಿದೀನಿ. ಎರಡನೇ ಸ್ಕ್ರೀನ್ ಆಗಾಗ ಹಳದಿ ಹೊಡೀತಿತ್ತು, ಅದು ನಿಂತಿದೆ.

ಸರ್, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಎರಡು ಹೆಸರು. ಒಂದು ಇಂಟೆಲ್, ಇನ್ನೊಂದರ ಕೊನೆಗೆ "ವರ್ಚುಯಲ್ ಡಿಸ್‌ಪ್ಲೇ" ಅಂತಿದೆ. 3ರ ಮುಂದೆನೂ ಅದೇ ಹೆಸರು. ನೋಡಿದ ತಕ್ಷಣ ಗೊತ್ತಾಯ್ತು. ಹೋದ ತಿಂಗಳು ಬೆರಳಚ್ಚಿನ ಮಷೀನು ಕೆಲಸ ಮಾಡ್ತಿರ್ಲಿಲ್ಲ. ಮಾರಿದವರಿಗೆ ಫೋನ್ ಮಾಡಿದ್ದಕ್ಕೆ ಒಬ್ಬರು ಒಂದು ಸಾಫ್ಟ್‌ವೇರ್ ಹಾಕಿಸಿ, ಅಲ್ಲಿಂದಲೇ ಡ್ರೈವರ್ ಹಾಕಿ ಕೊಟ್ರು. ಕೆಲಸ ಮುಗಿದ ಮೇಲೆ ಡೆಸ್ಕ್‌ಟಾಪಿನ ಐಕಾನ್ ಡಿಲೀಟ್ ಮಾಡಿದ್ದೆ, ಹೋಯ್ತು ಅಂತ ತಿಳ್ಕೊಂಡಿದ್ದೆ. ಹಾಗಾದ್ರೆ ಇಷ್ಟು ದಿನ ಅದು ಒಳಗೇ ಓಡ್ತಾ ಇತ್ತಾ?

ಲ್ಯಾಬ್ ಮೇಷ್ಟ್ರು · ಸೋಮವಾರ ಸಂಜೆ 6.10

ಹೌದು ತಂಗೀ, ಓಡ್ತಾ ಇತ್ತು. ಡೆಸ್ಕ್‌ಟಾಪಿನ ಐಕಾನ್ ಅಂದರೆ ಮನೆಯ ಬಾಗಿಲಿಗೆ ಹಾಕಿದ ಬೋರ್ಡು ಅಷ್ಟೇ. ಬೋರ್ಡ್ ಕಿತ್ತರೆ ಮನೆಯವರು ಖಾಲಿ ಮಾಡುವುದಿಲ್ಲ.

ಇದು ಮೌಸ್ ಗೋಡೆಗೆ ಹೋಗುವ ತೊಂದರೆಗಿಂತ ದೊಡ್ಡದು. ಊರವರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಆಗಿ ಕೂತಿರುವ ಕಂಪ್ಯೂಟರಿನಲ್ಲಿ ದೂರದಿಂದ ಬರುವ ಬಾಗಿಲೊಂದು ಚಿಲಕ ಹಾಕದೆ ಇದೆ. ಅವರು ಒಳ್ಳೆಯವರೇ ಇರಬಹುದು, ಮರೆತಿರಬಹುದು. ಆದರೂ ಇವತ್ತೇ ತೆಗೆಯಿರಿ.

ಮೊದಲು ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ, ಏನಾದರೂ ಕೆಟ್ಟರೆ ಈಗಿನ ಸ್ಥಿತಿಗೆ ಮರಳಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಆಮೇಲೆ ಸ್ಟಾರ್ಟಿನಲ್ಲಿ "ಸರ್ವಿಸಸ್" ಅಂತ ಹುಡುಕಿ ತೆರೆಯಿರಿ. "ಸ್ಟಾರ್ಟ್‌ಅಪ್ ಟೈಪ್" ಅನ್ನುವ ಕಾಲಮ್ಮಿನ ತಲೆ ಒತ್ತಿದರೆ ಡಿಲೇಡ್ ಸ್ಟಾರ್ಟ್ ಎಲ್ಲ ಒಂದು ಕಡೆ ಬರುತ್ತವೆ. ಅದರಲ್ಲಿ ಆ ಸಾಫ್ಟ್‌ವೇರಿನ ಹೆಸರಿನದ್ದೋ, ಗುರುತೇ ಸಿಗದ ಹೆಸರಿನದ್ದೋ ಇರುತ್ತೆ. ಡಬಲ್ ಕ್ಲಿಕ್ ಮಾಡಿದಾಗ "ಪಾತ್ ಟು ಎಕ್ಸಿಕ್ಯೂಟಬಲ್" ಅನ್ನುವ ಸಾಲನ್ನು ಓದಿ. ಹೆಸರನ್ನು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು, ಯಾವ ಫೋಲ್ಡರಿನಿಂದ ಓಡುತ್ತಿದೆ ಅನ್ನುವುದು ಮಾತ್ರ ಅಲ್ಲಿ ಇದ್ದ ಹಾಗೆ ಇರುತ್ತೆ. ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿನದ್ದಾದರೆ ಮುಟ್ಟಬೇಡಿ. ಪ್ರೋಗ್ರಾಂ ಫೈಲ್ಸ್ ಒಳಗೆ ಆ ಸಾಫ್ಟ್‌ವೇರಿನ ಹೆಸರಿದ್ದರೆ ಅದೇ.

ಪಕ್ಕದ "ರಿಕವರಿ" ಟ್ಯಾಬನ್ನೂ ನೋಡಿ. "ಫಸ್ಟ್ ಫೇಲ್ಯೂರ್" ಮುಂದೆ "ರಿಸ್ಟಾರ್ಟ್ ದಿ ಸರ್ವಿಸ್" ಅಂತ ಇದ್ದರೆ, ಟಾಸ್ಕ್ ಮ್ಯಾನೇಜರಿನಲ್ಲಿ ಎಂಡ್ ಟಾಸ್ಕ್ ಕೊಟ್ಟರೂ ವಿಂಡೋಸೇ ಅದನ್ನು ಮತ್ತೆ ಎಬ್ಬಿಸುತ್ತೆ. ಅದಕ್ಕೇ ಇಲ್ಲಿಂದಲೇ "ಸ್ಟಾಪ್" ಒತ್ತಬೇಕು. ಒತ್ತಿದ ಮೇಲೆ ಸ್ಕ್ರೀನ್ ಒಂದು ಸಲ ಕಪ್ಪಾಗಿ 3 ಮಾಯವಾದರೆ ಗುಮಾನಿ ನಿಜ ಅಂತಾಯಿತು.

ಡಿಸೇಬಲ್ ಮಾಡಿ ಅಲ್ಲಿಗೇ ನಿಲ್ಲಿಸಬೇಡಿ. ಸೆಟ್ಟಿಂಗ್ಸ್, ಆಪ್ಸ್‌ಗೆ ಹೋಗಿ ಸಾಫ್ಟ್‌ವೇರನ್ನೇ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಆ ವರ್ಚುಯಲ್ ಅಡಾಪ್ಟರ್ ಇನ್ನೂ ಉಳಿದಿದ್ದರೆ ಅನ್‌ಇನ್‌ಸ್ಟಾಲ್ ಕೊಡಿ, "ಡಿಲೀಟ್ ದಿ ಡ್ರೈವರ್ ಸಾಫ್ಟ್‌ವೇರ್" ಅಂತ ಬರುವ ಚೌಕಕ್ಕೆ ಟಿಕ್ ಹಾಕುವುದು ಮರೆಯಬೇಡಿ. ವ್ಯೂ ಮೆನುವಿನಲ್ಲಿ "ಶೋ ಹಿಡನ್ ಡಿವೈಸಸ್" ಕೊಟ್ಟರೆ ಹಿಂದೆ ಯಾವತ್ತೋ ಸಿಕ್ಕಿಸಿದ್ದ ಮಾನಿಟರ್‌ಗಳೆಲ್ಲ ಮಾಸಲು ಬಣ್ಣದಲ್ಲಿ ಕಾಣುತ್ತವೆ. ಅವು ನಿರುಪದ್ರವಿಗಳು. ಬೇಕಾದರೆ ತೆಗೆಯಬಹುದು, ಬಿಟ್ಟರೂ ನಷ್ಟವಿಲ್ಲ.

ಕೊನೆಗೆ ರಿಸ್ಟಾರ್ಟ್ ಕೊಡಿ, ಶಟ್‌ಡೌನ್ ಅಲ್ಲ. ಇದನ್ನು ನಾನು ಹುಡುಗರಿಗೆ ವರ್ಷಾ ವರ್ಷಾ ಹೇಳುತ್ತೇನೆ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಒಳಗಿನ ತಿರುಳನ್ನು ಡ್ರೈವರ್ ಸಮೇತ ಡಿಸ್ಕಿನಲ್ಲಿ ಬರೆದಿಟ್ಟು, ಮಾರನೇ ದಿನ ಅದನ್ನೇ ಓದಿಕೊಂಡು ಏಳುತ್ತೆ. ರಿಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲ ಹೊಸದಾಗಿ ಶುರು.

ಹೊಸನಗರದ ಹುಡುಗ · ಸೋಮವಾರ ರಾತ್ರಿ 8.45

ಸರ್, ಮಧ್ಯೆ ಬಾಯಿ ಹಾಕ್ತಿದೀನಿ. ಡಿಪ್ಲೊಮಾ ಎರಡನೇ ವರ್ಷ. ಇದನ್ನ ಓದಿ ನನ್ನ ಲ್ಯಾಪ್‌ಟಾಪ್ ನೋಡಿದ್ರೆ ಎಸ್‌ವಿಸಿಹೋಸ್ಟ್ ಅನ್ನೋದು ಎಪ್ಪತ್ತಕ್ಕೂ ಮೇಲೆ ಇದೆ. ಸರ್ವಿಸಸ್ ಪಟ್ಟಿಯಲ್ಲಿ ಕೆಲವು ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಎಂಥದೋ ಅಕ್ಷರ, ಅಂಕಿ. ಒಂದೇ ಸರ್ವಿಸ್ ಎರಡೆರಡು ಓಡ್ತಿದೆಯಾ? ವೈರಸ್ಸಾ?

ಲ್ಯಾಬ್ ಮೇಷ್ಟ್ರು · ಸೋಮವಾರ ರಾತ್ರಿ 9.20

ಒಳ್ಳೆ ಪ್ರಶ್ನೆ ಕೇಳಿದೆ. ಹೆದರಬೇಡ. ಎಸ್‌ವಿಸಿಹೋಸ್ಟ್ ಅಂದರೆ ಸರ್ವಿಸ್‌ಗಳನ್ನು ಹೊತ್ತುಕೊಂಡು ಓಡುವ ಗಾಡಿ. ಮೊದಲು ಒಂದೊಂದು ಗಾಡಿಯಲ್ಲಿ ಹತ್ತಾರು ಸರ್ವಿಸ್ ಕೂರಿಸುತ್ತಿದ್ದರು. ಒಂದು ಕೆಟ್ಟರೆ ಗಾಡಿಯೇ ಪಲ್ಟಿ, ಉಳಿದವೂ ಬೀಳುತ್ತಿದ್ದವು. 2017ರ 1703 ಆವೃತ್ತಿಯಿಂದ, 3.5 ಜಿಬಿಗಿಂತ ಹೆಚ್ಚು ರ್ಯಾಮ್ ಇರುವ ಸಿಸ್ಟಮ್‌ಗಳಲ್ಲಿ ಬಹುಪಾಲು ಸರ್ವಿಸ್‌ಗಳಿಗೆ ಒಂದೊಂದು ಗಾಡಿ ಕೊಟ್ಟರು. ಅದಕ್ಕೇ ಸಂಖ್ಯೆ ಜಾಸ್ತಿ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಗೋ ಟು ಸರ್ವಿಸಸ್" ಕೊಡು, ಯಾವ ಗಾಡಿಯಲ್ಲಿ ಯಾರಿದ್ದಾರೆ ಗೊತ್ತಾಗುತ್ತೆ. ಫೈಲ್ ಇರುವ ಜಾಗ ಸಿಸ್ಟಮ್32 ಆಗಿರಬೇಕು. ಅದೇ ಹೆಸರಿನ ಫೈಲು ಡೌನ್‌ಲೋಡ್ಸಿನಿಂದಲೋ ಟೆಂಪ್ ಫೋಲ್ಡರಿನಿಂದಲೋ ಓಡುತ್ತಿದ್ದರೆ ಆಗ ಚಿಂತೆ ಮಾಡು.

ಕೊನೆಗೆ ಅಕ್ಷರ-ಅಂಕಿಯ ಬಾಲ ಇರುವವು ಲಾಗಿನ್ ಆದ ಬಳಕೆದಾರನಿಗೆಂದೇ ಹುಟ್ಟುವ ಸರ್ವಿಸ್‌ಗಳು. ಒಂದು ಸಿಸ್ಟಮ್ಮಿಗೆ ಇಬ್ಬರು ಲಾಗಿನ್ ಆಗಿದ್ದರೆ ಎರಡು ಪ್ರತಿ ಕಾಣುತ್ತೆ. ಸೈನ್‌ಔಟ್ ಆದರೆ ಹೋಗುತ್ತೆ.

ತಂಗೀ, ನಿಮ್ಮ ಡಿಸ್ಕ್ ನೂರು ಪರ್ಸೆಂಟಿನ ಮಾತು ಉಳಿದಿತ್ತು. "ಇಷ್ಟು ಸರ್ವಿಸ್ ಆಫ್ ಮಾಡಿ, ಸಿಸ್ಟಮ್ ಹಾರುತ್ತೆ" ಅನ್ನುವ ವಿಡಿಯೋಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಪಟ್ಟಿ ಕೊಡುತ್ತಾರೆ, ಯಾವುದು ಯಾವುದಕ್ಕೆ ಆಧಾರ ಅಂತ ಹೇಳುವುದಿಲ್ಲ. ಮ್ಯಾನುಯಲ್ ಅಂತ ಇರುವ ಸರ್ವಿಸ್‌ಗಳು ಬೇಕಾದಾಗ ಮಾತ್ರ ಏಳುವಂಥವು, ಸುಮ್ಮನೆ ಕೂತಿದ್ದಾಗ ಏನೂ ತಿನ್ನುವುದಿಲ್ಲ. ಅವನ್ನು ಡಿಸೇಬಲ್ ಮಾಡಿ ಗಳಿಸುವುದು ಏನೂ ಇಲ್ಲ. ನಿಮ್ಮ ಹತ್ತೊಂಬತ್ತನ್ನು ಹುಡುಕಲು, ಯಾರದ್ದಾದರೂ ಕೈಯಾಡಿಸದ ವಿಂಡೋಸ್ 10 ಪಕ್ಕದಲ್ಲಿಟ್ಟುಕೊಂಡು "ಡಿಸೇಬಲ್ಡ್" ಅಂತ ಇರುವವನ್ನು ಮಾತ್ರ ಹೋಲಿಸಿ ನೋಡಿ. ಎರಡು ಕಡೆಯೂ ಡಿಸೇಬಲ್ಡ್ ಇದ್ದರೆ ಬಿಡಿ. ನಿಮ್ಮಲ್ಲಿ ಮಾತ್ರ ಇದ್ದರೆ ಅವರಲ್ಲಿ ಇದ್ದ ಹಾಗೆ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮಾಡಿ.

ಹಾರ್ಡ್ ಡಿಸ್ಕಿನಲ್ಲಿ ಬೆಳಿಗ್ಗೆ ಹೊತ್ತು ನೂರು ಪರ್ಸೆಂಟ್ ಆಗುವುದಕ್ಕೆ ಹೆಚ್ಚಾಗಿ ಕಾರಣ ಸಿಸ್‌ಮೇನ್ (ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಮೊದಲೇ ರ್ಯಾಮಿಗೆ ತಂದಿಡುವ ಸರ್ವಿಸ್), ವಿಂಡೋಸ್ ಸರ್ಚ್ ಮತ್ತು ಅಪ್‌ಡೇಟ್. ಮೂರೂ ಕೆಟ್ಟವಲ್ಲ. ತಿರುಗುವ ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಅಂತ ಓದುವಾಗ ಮುಳ್ಳು ಓಡಾಡಿ ಸುಸ್ತಾಗುತ್ತೆ. ಡೆಲಿವರಿ ಆಪ್ಟಿಮೈಸೇಷನ್ ಸೆಟ್ಟಿಂಗಿನಲ್ಲಿ "ಅಲೋ ಡೌನ್‌ಲೋಡ್ಸ್ ಫ್ರಮ್ ಅದರ್ ಪಿಸೀಸ್" ಆಫ್ ಮಾಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವಾಗ ಡೇಟಾ ಮಿತವಾಗಿ ಬಳಸಲು ಹೇಳುವ ಮೀಟರ್ಡ್ ಕನೆಕ್ಷನ್ ಆನ್ ಇಡಿ. ಕೈಯಲ್ಲಿ ದುಡ್ಡಾದಾಗ ಒಂದು ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯೇ ಇಲ್ಲದ ಡಿಸ್ಕ್, ಹಾಕಿಸಿ. ನಾಲ್ಕನೇ ಜನರೇಷನ್ ಬೋರ್ಡಿಗೂ ನಡೆಯುತ್ತೆ, ಐವತ್ತು ಸರ್ವಿಸ್ ನಿಲ್ಲಿಸಿದರೂ ಸಿಗದ ವೇಗ ಅದರಲ್ಲಿದೆ. ಇನ್ನೊಂದು ಮನಸ್ಸಿನಲ್ಲಿರಲಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮೇಲಿನದ್ದು ಕೇಳುತ್ತೆ. ಊರವರ ದಾಖಲೆ ಇಟ್ಟುಕೊಳ್ಳುವ ಅಂಗಡಿ ನಿಮ್ಮದು, ಮುಂದಿನ ಸಿಸ್ಟಮ್ ಬಗ್ಗೆ ಯೋಚನೆ ಶುರು ಮಾಡಿ.

ಆಗುಂಬೆ ಮಳೆ · ಸೋಮವಾರ ರಾತ್ರಿ 9.50

ಮೇಷ್ಟ್ರೇ, ಎರಡು ನಿಮಿಷದ ಲೆಕ್ಕ ನನಗೆ ಹೊಳೆದೇ ಇರ್ಲಿಲ್ಲ. ಇನ್ನು ಮೇಲೆ ಗಿರಾಕಿ ಹತ್ರ "ಯಾವಾಗ ಶುರುವಾಗ್ತದೆ" ಅಂತ ಮೊದಲು ಕೇಳ್ತೀನಿ, ಸ್ಕ್ರೂಡ್ರೈವರ್ ಆಮೇಲೆ. ಅಕ್ಕಾ, ಆ ಪೋರ್ಟಿನ ಹಸಿರು ಮತ್ತೆ ಬರ್ತದೆ. ಮಳೆಗಾಲ ಮುಗಿಯೋವರೆಗೆ ರಜೆ ದಿನನೂ ಒಂದು ಗಂಟೆ ಸಿಸ್ಟಮ್ ಆನ್ ಇಡಿ, ಅದರ ಬಿಸಿಗೆ ಒಳಗಿನ ತೇವ ಆರ್ತದೆ.

ತುಂಗೆ ದಡದವಳು · ಬುಧವಾರ ರಾತ್ರಿ 9.05

ಎರಡು ದಿನ ನೋಡಿ ಬರೀತಾ ಇದೀನಿ.

ಸೋಮವಾರ ರಾತ್ರಿನೇ ಅಂಗಡಿಯಲ್ಲಿ ಕೂತು ತೆಗೆದೆ. ಡಿಲೇಡ್ ಸ್ಟಾರ್ಟ್ ಪಟ್ಟಿಯಲ್ಲಿ ಹುಡುಕಿದಾಗ ಹೆಸರು ಬೇರೆ ಏನೋ ಇತ್ತು, "ಹೆಲ್ಪರ್ ಸರ್ವಿಸ್" ಅಂತ. ಪಾತ್ ಸಾಲು ಓದಿದ ಮೇಲೇ ಇದು ಅದೇ ಅಂತ ಗೊತ್ತಾದದ್ದು. ರಿಕವರಿಯಲ್ಲಿ ಮೂರೂ ಸಾಲಿಗೆ ರಿಸ್ಟಾರ್ಟ್ ದಿ ಸರ್ವಿಸ್ ಅಂತಾನೇ ಇತ್ತು. ಸ್ಟಾಪ್ ಒತ್ತಿದೆ. ಎರಡೂ ಸ್ಕ್ರೀನು ಕಪ್ಪಾದವು, ವಾಪಸ್ ಬಂದಾಗ 1, 2 ಅಷ್ಟೇ. ಮೌಸನ್ನ ಬಲಕ್ಕೆ ಎಳೆದು ನೋಡಿದೆ. ಅಂಚಿಗೆ ತಾಗಿ ನಿಂತಿತು. ಇನ್ನೂ ನಾಲ್ಕು ಸಲ ಎಳೆದು ನೋಡಿದೆ.

ಆಮೇಲೆ ಆಪ್ಸಿನಲ್ಲಿ ಅನ್‌ಇನ್‌ಸ್ಟಾಲ್, ಅಡಾಪ್ಟರಿಗೆ ಟಿಕ್ ಹಾಕಿ ಡ್ರೈವರ್ ಡಿಲೀಟ್, ರಿಸ್ಟಾರ್ಟ್. ಮಂಗಳವಾರ, ಇವತ್ತು ಎರಡೂ ದಿನ ದೀಪ ಹಚ್ಚಿ ಬಂದು ನೋಡಿದೀನಿ, ಎರಡೇ ಇದಾವೆ. ಡೂಪ್ಲಿಕೇಟೂ ನಿಂತಿದೆ. ಬೆರಳಚ್ಚಿನ ಮಷೀನಿಗೆ ತೊಂದರೆ ಆಗ್ಲಿಲ್ಲ, ಅದರ ಡ್ರೈವರ್ ಬೇರೆ.

ಅಕ್ಕನ ಮಗನ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟು ಸರ್ವಿಸ್ ಹೋಲಿಸಿದೆ. ಹತ್ತೊಂಬತ್ತರಲ್ಲಿ ಆರು ಅವನಲ್ಲೂ ಡಿಸೇಬಲ್ಡೇ ಇದ್ದವು. ಉಳಿದ ಹದಿಮೂರರಲ್ಲಿ ವಿಂಡೋಸ್ ಅಪ್‌ಡೇಟ್, ಕ್ರಿಪ್ಟೋಗ್ರಾಫಿಕ್ ಸರ್ವಿಸಸ್ ಎರಡನ್ನೂ ನಾನು ಕೈಯಾರೆ ಬಂದ್ ಮಾಡಿದ್ದೆ. ಎಲ್ಲ ಸರಿ ಮಾಡಿ, ಗಿರಾಕಿಗಳ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖು ಹಾಕಿ ಬರೆದಿಟ್ಟಿದೀನಿ. ಸ್ಲೋ ಇನ್ನೂ ಇದೆ, ಬೆಳಿಗ್ಗೆ ಹತ್ತು ನಿಮಿಷ. ಎಸ್‌ಎಸ್‌ಡಿಗೆ ಶಿವಮೊಗ್ಗದಲ್ಲಿ ರೇಟ್ ಕೇಳಕ್ಕೆ ಹೇಳಿದೀನಿ.

ಸಾಗರದ ಅಣ್ಣ, ನಿಮ್ಮ ಮಾತು ಎರಡು ದಿನ ತಲೆಯಲ್ಲೇ ಇತ್ತು. ಎಕ್ಸ್‌ಟೆಂಡ್ ಮಾಡಿ ನೋಡಿದೆ. ಆದ್ರೆ ನಾನು ಅಕ್ಷರ ಅಕ್ಷರ ಹೊಡೆಯುವಾಗ ಅವರು ಅಲ್ಲೇ ಓದ್ತಾ ಹೋಗಬೇಕು, ಆಗಲೇ ತಪ್ಪು ಸಿಗೋದು. ಅರ್ಜಿಯನ್ನ ಆ ಕಡೆ ಕಳಿಸಿದ್ರೆ ನಾನೇ ಕತ್ತು ತಿರುಗಿಸಿ ಟೈಪ್ ಮಾಡಬೇಕು. ಅದಕ್ಕೆ ಹೆಸರು, ವಿಳಾಸ ತುಂಬುವಾಗ ಮಾತ್ರ ಡೂಪ್ಲಿಕೇಟ್. ಆಧಾರ್, ಬ್ಯಾಂಕ್ ಪುಟ ಬಂದ ಕೂಡಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ "ಪಿಸಿ ಸ್ಕ್ರೀನ್ ಓನ್ಲಿ", ಆ ಕಡೆದು ಕಪ್ಪು. ಅಕ್ಷರ ಮಸುಕಾಗೋದು ಹೌದು, ಅಷ್ಟು ಹೊತ್ತು ತಡ್ಕೊಳ್ತೀನಿ. ಇವತ್ತು ಮಧ್ಯಾಹ್ನ ಮಂಡಗದ್ದೆಯ ಒಬ್ಬ ಹುಡುಗಿ, "ಅಕ್ಕಾ ಸ್ಕ್ರೀನ್ ಆಫ್ ಆಯ್ತಲ್ಲ" ಅಂದಳು. ನಿನ್ನ ಅಪ್ಪನ ಪಾಸ್‌ಬುಕ್ ಇದೆಯಲ್ಲ ಅದಕ್ಕೆ ಅಂದೆ. ಹಿಂದೆ ತಿರುಗಿ ಸರದಿ ನೋಡಿ ಸುಮ್ಮನೆ ತಲೆ ಆಡಿಸಿದಳು.

ಇನ್ನು ಮೇಲೆ ಯಾರಾದ್ರೂ ಫೋನಿನಲ್ಲಿ ಸಾಫ್ಟ್‌ವೇರ್ ಹಾಕಿಸಿ ಒಳಗೆ ಬಂದ್ರೆ, ಅವರು ಫೋನ್ ಇಡೋಕಿಂತ ಮೊದಲೇ ಅವರ ಎದುರಿಗೇ ಅನ್‌ಇನ್‌ಸ್ಟಾಲ್ ಮಾಡಿಸ್ತೀನಿ, ಸರ್ವಿಸ್ ಪಟ್ಟಿ ನಾನೇ ನೋಡ್ತೀನಿ. ಮೇಷ್ಟ್ರೇ, ತೀರ್ಥಹಳ್ಳಿ ಕಡೆ ಬಂದ್ರೆ ಅಂಗಡಿಗೆ ಬರಬೇಕು, ಕಾಫಿ ನಮ್ಮ ಮನೆ ತೋಟದ್ದೇ.